ಅರ್ಧಕ್ಕೆ ನಿಂತ ಕಥೆ

ಒಬ್ಬ ಗ್ರಂಥಕರ್ತನ ಕಥೆಯನ್ನು ಇನ್ನೊಬ್ಬನು ಎತ್ತಿಕೊಂಡು ಬೇರೊಂದು ರೂಪದಲ್ಲಿ ಹೇಳುವಾಗ ಅವನಿಗೆ ಎಷ್ಟರಮಟ್ಟಿಗೆ ಸ್ವಾತಂತ್ರ್ಯವುಂಟು? ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಪಂಪನು ವ್ಯಾಸಭಾರತವನ್ನು ಕನ್ನಡಕ್ಕೆ ತರುವಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದನು. ಆ ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡನು. ಅಷ್ಟರಿಂದ ಅವನ ಕಾವ್ಯದ ಗೌರವ ಕುಂದಲಿಲ್ಲ. ಆದುದರಿಂದ ಬದಲಾವಣೆಯೇ ದೋಷವೆಂಬ ವಾದ ನಿಲ್ಲತಕ್ಕುದಲ್ಲ. ಬದಲಾವಣೆ ಎಂತಹುದು, ಅದು ಕಥೆಯ ಜೀವವನ್ನು ಎಲ್ಲಿ ಮುಟ್ಟುತ್ತದೆ, ಎಂಬುದೇ ವಿಚಾರಾರ್ಹವಾದುದು. ಇದನ್ನು ಒರೆಗೆ ಹಚ್ಚಿ ನೋಡಲು ಜರ್ಮನಿಯ ಒಂದು ಅದ್ಭುತ ಕಾದಂಬರಿಯೂ ಅದರಿಂದ ಹುಟ್ಟಿದ ಚಲಚ್ಚಿತ್ರವೂ ಬಹಳ ಅನುಕೂಲವಾಗಿವೆ.

ಮಿಖಾಯೆಲ್ ಎಂಡೆ ಎಂಬಾತನು ‘ಮುಗಿಯದ ಕಥೆ’ ಎಂಬರ್ಥದ ಹೆಸರಿಟ್ಟು ಈ ಕಾದಂಬರಿಯನ್ನು 1979ರಲ್ಲಿ ಪ್ರಕಟಿಸಿದನು. ಅದರಲ್ಲಿ 26 ಅಧ್ಯಾಯಗಳು. ಒಂದೊಂದೂ ರೋಮನ್ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಕ್ರಮವಾಗಿ ಮೊದಲಾಗುವುದು. ಮನುಷ್ಯಲೋಕದ ಸಂಗತಿಗೆ ಒಂದು ಬಣ್ಣದ ಮಸಿ, ಕಲ್ಪನಾರಾಜ್ಯದ ಸಂಗತಿಗೆ ಇನ್ನೊಂದು. ಬಾಸ್ಟಿಯಾನ್ ಎಂಬ ಬಾಲಕನು ತಾಯಿಯಿಲ್ಲದವನು, ಸ್ಥೂಲಕಾಯನು, ಸಹಪಾಠಿಗಳ ಹಾಸ್ಯಕ್ಕೆ ಗುರಿಯಾದವನು. ತಂದೆ ಮನೆಯಲ್ಲಿದ್ದರೂ ದುಃಖದಲ್ಲಿ ಮುಳುಗಿ ಮಗನಿಗೆ ಇಲ್ಲದಂತೆಯೇ ಇದ್ದಾನೆ. ಹುಡುಗನು ಹಳೆಯ ಪುಸ್ತಕದಂಗಡಿಯಿಂದ ಒಂದು ಗ್ರಂಥವನ್ನು ಕದ್ದು, ಶಾಲೆಯ ಅಟ್ಟದಲ್ಲಿ ಅಡಗಿ ಕುಳಿತು ಓದತೊಡಗುವನು. ಗ್ರಂಥದೊಳಗಿನ ರಾಜ್ಯವನ್ನು ‘ಶೂನ್ಯ’ವೆಂಬುದು ತಿನ್ನುತ್ತಿದೆ, ಅಲ್ಲಿಯ ಬಾಲಸಮ್ರಾಜ್ಞಿ ರೋಗಪೀಡಿತೆ, ಆತ್ರೆಯು ಎಂಬ ಕಿಶೋರವೀರನು ಅದಕ್ಕೆ ಔಷಧವನ್ನರಸಿ ಹೊರಟಿದ್ದಾನೆ. ಆಕೆಗೆ ಹೊಸ ಹೆಸರೊಂದನ್ನು ಮನುಷ್ಯನ ಮಗು ಇಡಬೇಕು, ಅದೊಂದೇ ಔಷಧ. ಬಾಸ್ಟಿಯಾನನು ಕೊನೆಗೆ ಹೆಸರನ್ನು ಕೂಗಿ ಆ ರಾಜ್ಯದೊಳಕ್ಕೆ ಸೇರಿಹೋಗುವನು. ಗ್ರಂಥವು ಇಲ್ಲಿಗೆ ಅರ್ಧವೂ ಮುಗಿದಿರುವುದಿಲ್ಲ.

ವೋಲ್ಫ್‌ಗಾಂಗ್ ಪೆಟರ್ಸನ್ ನಿರ್ದೇಶಿಸಿದ ಚಿತ್ರವು 1984ರಲ್ಲಿ ತೆರೆಗೆ ಬಂದಿತು. ಅದು ಈ ಪೂರ್ವಾರ್ಧವನ್ನು ಮಾತ್ರ ಸ್ವೀಕರಿಸಿತು. ಚಿತ್ರದಲ್ಲಿ ಸೊಗಸಿಲ್ಲವೆಂದು ನಾನು ಹೇಳಲಾರೆ. ಆತ್ರೆಯುವಿನ ಕುದುರೆ ವಿಷಾದದ ಕೆಸರಿನಲ್ಲಿ ಹೂತುಹೋಗುವ ದೃಶ್ಯವನ್ನು ಕಣ್ಣೊರಸಿಕೊಳ್ಳದೆ ನೋಡುವ ಮಕ್ಕಳು ವಿರಳ. ಬಂಡೆಗಳನ್ನು ತಿಂದು ಬದುಕುವ ದೈತ್ಯನು, ಗೆಳೆಯರನ್ನು ಹಿಡಿದು ನಿಲ್ಲಿಸಲಾರದೆ ಹೋದ ತನ್ನ ಬಲವಾದ ಕೈಗಳನ್ನೇ ನೋಡುತ್ತ ಕುಳಿತಿರುವ ಚಿತ್ರವೂ ಹಾಗೆಯೇ ಮನಸ್ಸಿನಲ್ಲಿ ನಿಲ್ಲುವುದು. ಇಷ್ಟಾದರೂ ಗ್ರಂಥಕರ್ತನಿಗೆ ಅದು ಸಮ್ಮತವಾಗಲಿಲ್ಲ. ಚಿತ್ರವನ್ನು ನಿಲ್ಲಿಸಬೇಕು ಅಥವಾ ಅದರ ಹೆಸರನ್ನಾದರೂ ಬದಲಿಸಬೇಕು ಎಂದು ಎಂಡೆ ಕೇಳಿದನು, ನ್ಯಾಯಾಲಯಕ್ಕೂ ಹೋದನು, ಅಲ್ಲಿ ಸೋತನು. ಕಾನೂನಿನ ಪ್ರಕಾರ ತೀರ್ಪು ಸರಿಯೇ ಇದ್ದೀತು. ಕಾನೂನು ತೀರ್ಮಾನಿಸದ ಒಂದು ಅಂಶ ಮಾತ್ರ ಉಳಿದಿದೆ.

ಚಿತ್ರದ ಮುಕ್ತಾಯವನ್ನು ನೋಡೋಣ. ಹುಡುಗನ ಇಚ್ಛೆಯಿಂದ ರಾಜ್ಯವು ಮತ್ತೆ ತಲೆಯೆತ್ತುವುದು. ಅವನು ಶುಭನಾಗವನ್ನೇರಿ ತನ್ನ ಊರಿನ ಬೀದಿಗೇ ಹಾರಿ ಬಂದು, ತನ್ನನ್ನು ಪೀಡಿಸಿದ ಮೂವರು ಹುಡುಗರನ್ನು ಬೆದರಿಸಿ ಓಡಿಸಿ, ಕಸದ ತೊಟ್ಟಿಯೊಳಕ್ಕೆ ಬೀಳುವಂತೆ ಮಾಡುವನು. ನೋಡುವ ಬಾಲಕರು ಚಪ್ಪಾಳೆ ತಟ್ಟುವುದು ಸಹಜ. ಪೆಟ್ಟು ತಿಂದವನಿಗೆ ಮರುಪೆಟ್ಟಿನ ಕನಸು ಬೀಳದಿದ್ದರೆ ಅವನು ಋಷಿಯೇ ಆಗಿರಬೇಕು.

ಗ್ರಂಥದ ಉತ್ತರಾರ್ಧವು ಮೊದಲಾಗುವುದೇ ಈ ಇಚ್ಛೆಗಳಿಂದ. ಸಮ್ರಾಜ್ಞಿಯ ಪದಕವು ಈಗ ಬಾಸ್ಟಿಯಾನನ ಕೊರಳಿನಲ್ಲಿದೆ. ಬಯಸಿದುದನ್ನು ಮಾಡು ಎಂಬ ಅರ್ಥದ ಲಿಪಿ ಅದರ ಬೆನ್ನಿನಲ್ಲಿದೆ. ಅವನು ರೂಪವನ್ನು ಬಯಸಿದನು, ರೂಪವಂತನಾದನು, ಬಲವನ್ನು ಬಯಸಿದನು, ಧೈರ್ಯವನ್ನು, ಜ್ಞಾನಿಯೆಂಬ ಕೀರ್ತಿಯನ್ನು ಬಯಸಿದನು, ಎಲ್ಲವೂ ಕೈಗೂಡಿದವು. ಆದರೆ ಒಂದೊಂದು ಇಚ್ಛೆಗೂ ಒಂದೊಂದು ನೆನಪು ಬೆಲೆಯಾಗಿ ಹೋಗುವುದು. ಸುಂದರನಾದವನಿಗೆ ತಾನು ಸ್ಥೂಲನಾಗಿದ್ದೆನೆಂಬುದು ಮರೆತುಹೋಯಿತು. ಮಕ್ಕಳು ತನ್ನನ್ನು ಹಾಸ್ಯಮಾಡುತ್ತಿದ್ದುದೂ ಮರೆತಿತು. ಇದರಲ್ಲಿ ನಷ್ಟವೇನೆಂದು ಯಾರಾದರೂ ಕೇಳಬಹುದು. ನಷ್ಟವಿಷ್ಟೆ: ನೋವನ್ನು ಮರೆತವನು ನೋವುಂಟುಮಾಡುವುದಕ್ಕೆ ಹೇಸುವುದಿಲ್ಲ. ಕ್ಸಾಯಿಡೆ ಎಂಬ ಮಾಯಾವಿನಿ ಅವನ ಮಂತ್ರಿಣಿಯಾಗುವಳು. ಒಳಗೆ ಟೊಳ್ಳಾದ ವಸ್ತುಗಳನ್ನು ಮಾತ್ರ ಆಡಿಸುವ ಶಕ್ತಿ ಆಕೆಯದು. ಆಕೆಯ ಯೋಧರು ಬರಿಯ ಕವಚಗಳು. ಆಕೆ ಈ ಹುಡುಗನನ್ನೂ ಆಡಿಸತೊಡಗಿದಳೆಂದರೆ ಅವನೊಳಗೆ ಏನು ಉಳಿದಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುದ್ಧಿ ಹೇಳಿದ ಆತ್ರೆಯುವನ್ನು ಅವನು ಹೊರದೂಡಿದನು. ಮುಂದೆ ಯುದ್ಧದಲ್ಲಿ ತನ್ನ ಕತ್ತಿಯಿಂದಲೇ ಅವನನ್ನು ಗಾಯಗೊಳಿಸಿದನು. ತಾನೇ ಚಕ್ರವರ್ತಿಯಾಗಲು ಹೊರಟವನು ದಾರಿ ತಪ್ಪಿ ಸೇರಿದುದು ಮಾಜಿ ಚಕ್ರವರ್ತಿಗಳ ನಗರವನ್ನು. ಅಲ್ಲಿ ನೆನಪೆಲ್ಲವನ್ನೂ ಕಳೆದುಕೊಂಡ ಮನುಷ್ಯರು ಅಕ್ಷರಗಳನ್ನು ಬರೆದ ದಾಳಗಳನ್ನು ಎಸೆದಾಡುತ್ತ ಕುಳಿತಿದ್ದಾರೆ. ಒಂದು ಕೋತಿ ಅವರ ಮೇಲ್ವಿಚಾರಕ. ಅವರಿಗೆ ಬೇಡಲು ಇಚ್ಛೆಯೂ ಉಳಿದಿಲ್ಲ, ಮನೆಗೆ ಮರಳಲು ದಾರಿಯೂ ಇಲ್ಲ. ಮಕ್ಕಳ ಪುಸ್ತಕದಲ್ಲಿ ಇದಕ್ಕಿಂತ ಭಯಂಕರವಾದ ನರಕವನ್ನು ನಾನು ಓದಿಲ್ಲ.

ನಮ್ಮಲ್ಲಿ ಶ್ರೇಯಸ್ಸು ಪ್ರೇಯಸ್ಸುಗಳೆಂಬ ಭೇದವನ್ನು ಹಿರಿಯರು ಮಾಡಿದ್ದಾರೆ. ಪದಕದ ಲಿಪಿಗೆ ಮನಸ್ಸಿಗೆ ಬಂದಂತೆ ನಡೆ ಎಂದರ್ಥವಲ್ಲ, ನಿನ್ನ ನಿಜವಾದ ಇಚ್ಛೆ ಯಾವುದೆಂದು ತಿಳಿ ಎಂದರ್ಥ ಎಂದು ಬಣ್ಣದ ಮರಳುಗಾಡಿನ ಸಿಂಹವು ಬಾಸ್ಟಿಯಾನನಿಗೆ ಮೊದಲೇ ತಿಳಿಸಿರುತ್ತದೆ. ಹುಡುಗನಿಗೆ ಅದು ಅರ್ಥವಾಗುವುದು ಬಹಳ ತಡವಾಗಿ. ಮರೆತ ಕನಸುಗಳು ತೆಳುವಾದ ಹಾಳೆಗಳಾಗಿ ಹೂತಿರುವ ಗಣಿಯಲ್ಲಿ, ಕತ್ತಲಲ್ಲಿ, ಕೈಯಿಂದ ತಡವಿ ತಡವಿ ಅವನು ಒಂದು ಚಿತ್ರವನ್ನು ಪಡೆಯುವನು. ಅದರಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ಒಬ್ಬ ಗಂಡಸು. ಅವನು ತನ್ನ ತಂದೆಯೆಂಬುದು ಕೂಡ ಆಗ ಹುಡುಗನ ನೆನಪಿನಲ್ಲಿಲ್ಲ. ಅವನಿಗಾಗಿ ಹಂಬಲ ಮಾತ್ರ ಉಂಟು. ಆ ಹಂಬಲವೇ ಅವನನ್ನು ಮನೆಗೆ ಮುಟ್ಟಿಸುವುದು. ಬಂದವನು ಪೀಡಕರನ್ನು ಹುಡುಕಿಕೊಂಡು ಹೋಗುವುದಿಲ್ಲ. ತಂದೆಗೆ ಎಲ್ಲವನ್ನೂ ಹೇಳುವನು. ತಂದೆಯ ಕಣ್ಣಿನಲ್ಲಿ ನೀರು ಬರುವುದು. ಮರುದಿನ ಅಂಗಡಿಗೆ ಹೋಗಿ ಪುಸ್ತಕ ಕದ್ದವನು ನಾನೇ ಎಂದು ಒಪ್ಪಿಕೊಳ್ಳುವನು.

ಎರಡು ಗಂಟೆಯೊಳಗೆ ಮುಗಿಯಬೇಕಾದ ಚಿತ್ರದಲ್ಲಿ ಇಷ್ಟನ್ನೂ ಹಿಡಿಸಲು ಸಾಧ್ಯವೆ, ಎಂದು ಚಿತ್ರದ ಪಕ್ಷದವರು ಕೇಳಬಹುದು. ಸಾಧ್ಯವಿಲ್ಲ, ಒಪ್ಪಿದೆ. ಅರ್ಧ ಹೇಳಿ ನಿಲ್ಲಿಸುವುದು ತಪ್ಪೆಂದು ನಾನು ಎಣಿಸುವುದಿಲ್ಲ. ಅರ್ಧದಲ್ಲಿ ನಿಲ್ಲಿಸಿ, ಅಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಒಂದು ಮಂಗಳವನ್ನು ಕಟ್ಟಿದುದೇ ತೊಡಕು. ಭಸ್ಮಾಸುರನಿಗೆ ವರ ಸಿಕ್ಕಿದ ಗಳಿಗೆಯಲ್ಲಿ ಮಂಗಳಾರತಿ ಎತ್ತಿದರೆ ಅದು ಯಾರ ಕಥೆಯಾದೀತು? ಗ್ರಂಥವು ಯಾವ ಬಗೆಯ ಇಚ್ಛೆಯನ್ನು ರೋಗವೆಂದು ತೋರಿಸುವುದೋ ಅದನ್ನೇ ಚಿತ್ರವು ಬಹುಮಾನವಾಗಿ ಕೊಟ್ಟಿದೆ. ಇನ್ನೊಂದು ಮಾತೂ ಉಂಟು. ಕಲ್ಪನಾರಾಜ್ಯದ ಜೀವಿಗಳು ಶೂನ್ಯದ ಮೂಲಕ ಮನುಷ್ಯಲೋಕಕ್ಕೆ ಬಿದ್ದರೆ ಅಲ್ಲಿ ಸುಳ್ಳುಗಳಾಗಿಬಿಡುವರು, ಮನುಷ್ಯರನ್ನು ಆಳುವುದಕ್ಕೆ ಆ ಸುಳ್ಳುಗಳಿಗಿಂತ ಒಳ್ಳೆಯ ಸಾಧನವಿಲ್ಲ, ಎಂದು ಗ್ಮೋರ್ಕ್ ಎಂಬ ತೋಳಮಾನವನು ಕಾದಂಬರಿಯಲ್ಲಿ ಹೇಳುವನು. ನಾಟ್ಸಿಗಳ ಆಳ್ವಿಕೆಯಲ್ಲಿ ಚಿತ್ರಕಾರನಾದ ತನ್ನ ತಂದೆಗೆ ಚಿತ್ರ ಪ್ರದರ್ಶಿಸಲು ನಿಷೇಧವಾದುದನ್ನು ಕಂಡು ಬೆಳೆದ ಲೇಖಕನು ಈ ಮಾತನ್ನು ಸುಮ್ಮನೆ ಬರೆದಿರಲಾರನು. ಮನುಷ್ಯನು ಅಲ್ಲಿಗೆ ಹೋಗಿ ಮರಳಿ ಬಂದರೆ ಎರಡು ಲೋಕಕ್ಕೂ ಆರೋಗ್ಯ. ಅಲ್ಲಿಯದು ಇಲ್ಲಿಯ ಬೀದಿಗೆ ಇಳಿದು ಬಂದು ನಮ್ಮ ಹಗೆಯನ್ನು ತೀರಿಸುವುದೆಂಬುದು ಬೇರೆಯೇ ಮಾತು.

ಬಿಟ್ಟುಹೋದ ಉತ್ತರಾರ್ಧದ ಕೆಲವು ಅಂಶಗಳನ್ನು ತೆಗೆದುಕೊಂಡು 1990ರಲ್ಲಿ ಎರಡನೆಯ ಚಿತ್ರವೊಂದನ್ನು ಮಾಡಿದರು. ಕ್ಸಾಯಿಡೆ ಅದರಲ್ಲಿ ಬರುವಳು. ಇಚ್ಛೆಗೊಂದು ನೆನಪು ಕಳೆಯುವುದೂ ಉಂಟು. ಬಾಸ್ಟಿಯಾನನ ಪಾತ್ರಕ್ಕೆ ಆಗ ಬೇರೊಬ್ಬ ಹುಡುಗ ಬಂದಿದ್ದನು. ಮೊದಲನೆಯ ಚಿತ್ರಕ್ಕೆ ಹತ್ತನೆಯ ವಯಸ್ಸಿನಲ್ಲಿ ಚಪ್ಪಾಳೆ ತಟ್ಟಿದವರು ಅಷ್ಟು ಹೊತ್ತಿಗೆ ಹದಿನಾರರ ಪ್ರಾಯದವರಾಗಿದ್ದರು.