ಗಾಯದ ಪದಕ ಯಾರಿಗೆ ಸಲ್ಲಬೇಕು?

ಯುದ್ಧದಲ್ಲಿ ಶೌರ್ಯವನ್ನು ತೋರಿದ ಯೋಧನಿಗೆ ಪದಕವನ್ನಿತ್ತು ಗೌರವಿಸುವ ಪದ್ಧತಿ ಬಹುತೇಕ ಎಲ್ಲ ದೇಶಗಳಲ್ಲಿಯೂ ಉಂಟು. ಅದರ ಔಚಿತ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಗಾಯಗೊಂಡನೆಂಬ ಒಂದೇ ಕಾರಣಕ್ಕಾಗಿ ಪದಕವನ್ನು ಕೊಡುವುದಾದರೆ ಹಲವು ಸಂದೇಹಗಳು ಏಳುತ್ತವೆ. ಶೌರ್ಯವು ಯೋಧನು ಮಾಡಿದ ಕಾರ್ಯ. ಗಾಯವು ಅವನಿಗೆ ಬಂದೊದಗಿದ್ದು. ಬಂದೊದಗಿದ್ದಕ್ಕೆ ಗೌರವವೆ? ಗೌರವವೆಂದಾದರೆ ಎಂತಹ ಗಾಯಕ್ಕೆ? ಐವತ್ತು ಅರವತ್ತು ವರ್ಷಗಳ ಅನಂತರ ವೃದ್ಧ ಯೋಧನೊಬ್ಬನು ಬಂದು ‘ನನಗೂ ಆಗ ಗಾಯವಾಗಿತ್ತು’ ಎಂದರೆ ಅದಕ್ಕೆ ಪ್ರಮಾಣವೇನು?

ಮೇಲ್ನೋಟಕ್ಕೆ ಇದು ಸೇನಾ ಕಚೇರಿಗಳ ಕಡತದ ವಿಷಯವೆಂದು ತೋರುತ್ತದೆ. ವಿಚಾರಮಾಡಿ ನೋಡಿದರೆ, ಒಬ್ಬನ ನೋವನ್ನು ಸಮಾಜವು ಹೇಗೆ ಗುರುತಿಸಬೇಕು ಎಂಬ ಧರ್ಮಸೂಕ್ಷ್ಮವೇ ಇಲ್ಲಿ ಅಡಗಿದೆ. ಇದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ. ಅಮೆರಿಕದ ಸೇನೆಯು ಕೊಡುವ ‘ಪರ್ಪಲ್ ಹಾರ್ಟ್’ ಎಂಬ ಪದಕವೇ ಆ ನಿದರ್ಶನ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿ ನೆಲೆಸಿರುವುದರಿಂದ ಈ ಹೆಸರು ಕೆಲವರ ಕಿವಿಗಾದರೂ ಬಿದ್ದಿರಬಹುದು.

ಈ ಪದಕದ ಮೂಲ 1782ರಷ್ಟು ಹಿಂದಿನದು. ಆ ವರ್ಷದ ಆಗಸ್ಟ್ 7ರಂದು ಜಾರ್ಜ್ ವಾಷಿಂಗ್ಟನ್ನರು ಸಾಮಾನ್ಯ ಸೈನಿಕರ ವಿಶೇಷ ಸೇವೆಗಾಗಿ ನೇರಳೆ ಬಣ್ಣದ ಬಟ್ಟೆಯ ಹೃದಯಾಕಾರದ ಬಿಲ್ಲೆಯೊಂದನ್ನು ಏರ್ಪಡಿಸಿದರು. ಅದು ಗಾಯದ ಚಿಹ್ನೆಯಾಗಿರಲಿಲ್ಲ, ಯೋಗ್ಯತೆಯ ಚಿಹ್ನೆಯಾಗಿತ್ತು. ಬಹುಕಾಲ ಮರೆತುಹೋಗಿದ್ದ ಅದನ್ನು 1932ರ ಫೆಬ್ರವರಿ 22ರಂದು, ವಾಷಿಂಗ್ಟನ್ನರ ಇನ್ನೂರನೆಯ ಜನ್ಮದಿನದ ಸಂದರ್ಭದಲ್ಲಿ, ಪದಕದ ರೂಪದಲ್ಲಿ ಪುನಃ ಆರಂಭಿಸಲಾಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡವರೂ ಆಗ ಅರ್ಜಿ ಸಲ್ಲಿಸಿ ಅದನ್ನು ಪಡೆದರು. ವಿಶೇಷ ಸೇವೆಗೂ ಅದೇ ಪದಕ ಸಲ್ಲುತ್ತಿದ್ದ ಗೊಂದಲವನ್ನು 1942ರಲ್ಲಿ ನಿವಾರಿಸಿ, ಶತ್ರುವಿನ ಕೃತ್ಯದಿಂದ ಗಾಯಗೊಂಡವರಿಗೆ ಮತ್ತು ಮಡಿದವರಿಗೆ ಮಾತ್ರ ಅದನ್ನು ಮೀಸಲಿಟ್ಟರು.

ಇಂದಿನ ನಿಯಮದಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ. ಗಾಯವು ಶತ್ರುವಿನ ಕೃತ್ಯದಿಂದ ಆಗಿರಬೇಕು. ವೈದ್ಯಾಧಿಕಾರಿಯ ಚಿಕಿತ್ಸೆ ಬೇಕಾಗುವಷ್ಟು ತೀವ್ರವಾಗಿರಬೇಕು. ಆ ಚಿಕಿತ್ಸೆ ದಾಖಲೆಯಲ್ಲಿ ನಮೂದಾಗಿರಬೇಕು. ಇಷ್ಟಿದ್ದರೆ ಮೇಲಧಿಕಾರಿಯ ಶಿಫಾರಸು ಬೇಕಿಲ್ಲ. ಪದಕವು ಯೋಧನ ಹಕ್ಕು. ಗಾಯದ ಪ್ರಮಾಣವನ್ನು ಇಲ್ಲಿ ತೂಗುವುದಿಲ್ಲ ಎಂಬುದನ್ನು ಗಮನಿಸಬೇಕು. ಕಾಲನ್ನೇ ಕಳೆದುಕೊಂಡವನಿಗೂ, ಸಿಡಿಗುಂಡಿನ ಚೂರು ತಗಲಿ ಹೊಲಿಗೆ ಹಾಕಿಸಿಕೊಂಡು ಮರಳಿದವನಿಗೂ ಪದಕ ಒಂದೇ. ಆದುದರಿಂದ ಇದು ನೋವಿನ ಬೆಲೆಯಲ್ಲ, ಶೌರ್ಯದ ಬಹುಮಾನವೂ ಅಲ್ಲ. ‘ನಮ್ಮ ಪರವಾಗಿ ನಿಂತಿದ್ದಾಗ ಶತ್ರುವಿನ ಪೆಟ್ಟು ನಿನ್ನ ಮೇಲೆ ಬಿತ್ತು, ಅದನ್ನು ನಾವು ಬಲ್ಲೆವು’ ಎಂದು ದೇಶವು ನುಡಿಯುವ ಸಾಕ್ಷಿವಚನ ಇದು. ಮೊದಲು ಎತ್ತಿದ ಸಂದೇಹಕ್ಕೆ ಇದೇ ಸಮಾಧಾನ. ಗೌರವ ಸಲ್ಲುವುದು ಗಾಯಕ್ಕಲ್ಲ, ಪೆಟ್ಟು ಬೀಳಬಹುದಾದ ಸ್ಥಳದಲ್ಲಿ ನಿಂತುದಕ್ಕೆ.

ಇನ್ನು ಅರ್ಹತೆಯ ವಿಚಾರ. ಯಾವುದೇ ವಸ್ತುವಿಗೆ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ದೋಷಗಳು ಬಾರದಂತೆ ನೋಡಿಕೊಳ್ಳಬೇಕೆಂದು ನಮ್ಮ ಶಾಸ್ತ್ರಕಾರರು ಎಚ್ಚರಿಸಿದ್ದಾರೆ. ಸೇರಬೇಕಾದುದು ಹೊರಗುಳಿದರೆ ಅವ್ಯಾಪ್ತಿ. ಸೇರಬಾರದುದು ಒಳಬಂದರೆ ಅತಿವ್ಯಾಪ್ತಿ. ಯುದ್ಧಭೂಮಿಯಲ್ಲಿ ಆದ ಎಲ್ಲ ಹಾನಿಗೂ ಪದಕವೆಂದರೆ, ಲಾರಿಯಿಂದ ಜಾರಿ ಬಿದ್ದವನಿಗೂ ಅದು ಸಲ್ಲಬೇಕಾಗುತ್ತದೆ. ಆಗ ಪದಕಕ್ಕೂ ಆಸ್ಪತ್ರೆಯ ಚೀಟಿಗೂ ಭೇದ ಉಳಿಯದು. ಆದುದರಿಂದಲೇ ಹಿಮದಿಂದಾದ ದೇಹಹಾನಿ, ಬಿಸಿಲ ಹೊಡೆತ, ಶತ್ರುವಿಗೆ ಸಂಬಂಧವಿಲ್ಲದ ಅಪಘಾತ, ಇವುಗಳನ್ನು ಇಂದಿನ ನಿಯಮ ಹೊರಗಿಟ್ಟಿದೆ. ಹಿಮದಲ್ಲಿ ಕಾವಲು ನಿಂತು ಕಾಲ್ಬೆರಳುಗಳನ್ನು ಕಳೆದುಕೊಂಡವನಿಗೆ ಇದು ಕಠಿನವೆನಿಸುವುದು ಸಹಜ. ಆದರೂ ‘ಶತ್ರುಕೃತ್ಯ’ ಎಂಬ ವಿಶೇಷಣವನ್ನು ಕೈಬಿಟ್ಟರೆ ಲಕ್ಷಣವೇ ಕುಸಿಯುತ್ತದೆ.

ಹಾಗೆಂದು ನಿಯಮವು ಒಮ್ಮೆಗೇ ಪರಿಪೂರ್ಣವಾಗಿ ಹುಟ್ಟಿತೆಂದು ತಿಳಿಯಬಾರದು. ಕದನದ ನಡುವೆ ತಮ್ಮವರದೇ ಗುಂಡು ತಗಲಿ ಗಾಯಗೊಂಡವರ ವಿಷಯದಲ್ಲಿದ್ದ ಸಂದಿಗ್ಧವನ್ನು ನಿವಾರಿಸಿ, ಅವರಿಗೂ ಪದಕ ಸಲ್ಲಬೇಕೆಂದು 1993ರಲ್ಲಿ ಕಾನೂನು ಮಾಡಬೇಕಾಯಿತು. 2009ರ ನವೆಂಬರಿನಲ್ಲಿ ಟೆಕ್ಸಾಸಿನ ಫೋರ್ಟ್ ಹುಡ್ ಸೇನಾನೆಲೆಯಲ್ಲಿ ಸೇನಾಧಿಕಾರಿಯೊಬ್ಬನೇ ಗುಂಡು ಹಾರಿಸಿ 13 ಜನರನ್ನು ಕೊಂದಾಗ, ಗಾಯಗೊಂಡವರಿಗೂ ಮಡಿದವರಿಗೂ ಮೊದಲು ಪದಕ ದೊರೆಯಲಿಲ್ಲ. ಹೊಡೆದವನು ‘ಶತ್ರು’ ಹೌದೋ ಅಲ್ಲವೋ ಎಂಬುದೇ ವಿವಾದವಾಗಿತ್ತು. ಕಾನೂನು ಬದಲಾದ ಮೇಲೆ 2015ರಲ್ಲಿ ಅವರಿಗೆ ಪದಕಗಳನ್ನಿತ್ತರು. ಇವೆಲ್ಲ ಅವ್ಯಾಪ್ತಿದೋಷದ ಪರಿಹಾರಗಳು.

ಕಣ್ಣಿಗೆ ಕಾಣದ ಗಾಯದ ವಿಷಯ ಇನ್ನೂ ಸೂಕ್ಷ್ಮ. 2020ರ ಜನವರಿ 8ರಂದು ಇರಾಕಿನ ಅಲ್ ಅಸಾದ್ ನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ ಯಾರಿಗೂ ಅಪಾಯವಾಗಲಿಲ್ಲವೆಂದೇ ಮೊದಲು ಪ್ರಕಟಿಸಿದರು. ಕ್ರಮೇಣ ನೂರಕ್ಕೂ ಹೆಚ್ಚು ಸೈನಿಕರಿಗೆ ಸ್ಫೋಟದ ಆಘಾತದಿಂದ ಮಿದುಳಿಗೆ ಪೆಟ್ಟಾಗಿದೆಯೆಂದು ವೈದ್ಯರು ನಿರ್ಣಯಿಸಿದರು. ಆ ವರ್ಷ 29 ಮಂದಿಗೆ ಪದಕ ದೊರೆಯಿತು. ಮರುಪರಿಶೀಲನೆಯ ಅನಂತರ 2021ರ ಡಿಸೆಂಬರಿನಲ್ಲಿ ಮತ್ತೆ 39 ಮಂದಿಗೆ ಮಂಜೂರಾಯಿತು. ಅವರು ಗಾಯಗೊಂಡದ್ದು ಒಂದೇ ದಿನ; ಸಾಕ್ಷಿವಚನ ಬಂದದ್ದು ಸುಮಾರು ಎರಡು ವರ್ಷಗಳ ಅಂತರದಲ್ಲಿ.

ಯುದ್ಧದ ಭೀಕರತೆಯಿಂದ ಮನಸ್ಸಿಗೆ ಉಂಟಾಗುವ ದೀರ್ಘಕಾಲದ ವ್ಯಾಧಿಗೆ ಮಾತ್ರ ಪದಕ ಸಲ್ಲದೆಂದು 2009ರಲ್ಲಿ ರಕ್ಷಣಾ ಇಲಾಖೆ ತಿಳಿಸಿತು. ಅದನ್ನು ಖಚಿತವಾಗಿ ಅಳೆಯಲಾಗದು, ಇಂತಹ ದಿನ ಇಂತಹ ಶತ್ರುವಿನ ಕೃತ್ಯದಿಂದಲೇ ಆಯಿತೆಂದು ಹೇಳಲಾಗದು, ಎಂಬುದು ವಾದ. ಮೊದಲನೆಯ ಹೇತು ದುರ್ಬಲವೆಂದು ನಮ್ಮ ಮತ. ಅಳೆಯುವ ಸಾಧನ ನಮ್ಮಲ್ಲಿಲ್ಲವೆಂದ ಮಾತ್ರಕ್ಕೆ ಅಳೆಯಬೇಕಾದ ವಸ್ತು ಇಲ್ಲವೆಂದಾಗದು. ಎರಡನೆಯದರಲ್ಲಿ ಹುರುಳಿದೆ, ಕಾರಣದ ನಿಶ್ಚಯವೇ ಈ ಪದಕದ ಜೀವಾಳ. ಆದುದರಿಂದ ನಿಯಮವನ್ನು ಒಪ್ಪಬಹುದು, ಒಂದು ಷರತ್ತಿನ ಮೇಲೆ. ‘ನಿನ್ನ ವ್ಯಾಧಿ ಈ ಪದಕದ ಲಕ್ಷಣಕ್ಕೆ ಒಳಪಡದು’ ಎನ್ನುವುದು ಒಂದು ಮಾತು. ‘ನಿನಗೆ ಗಾಯವೇ ಆಗಿಲ್ಲ’ ಎನ್ನುವುದು ಬೇರೊಂದು ಮಾತು. ಮೊದಲನೆಯದನ್ನು ಹೇಳುವ ಅಧಿಕಾರ ಕಚೇರಿಗಿದೆ. ಎರಡನೆಯದನ್ನು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆ ದೇಶದಲ್ಲಿಯೂ ಮನೋವ್ಯಾಧಿಗೆ ಚಿಕಿತ್ಸೆ ಮತ್ತು ಪರಿಹಾರಧನ ಪದಕವಿಲ್ಲದೆಯೂ ದೊರೆಯುತ್ತವೆ ಎಂಬುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ಕಠಿನವಾದುದು ಪ್ರಮಾಣದ ಪ್ರಶ್ನೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸಮೀಪದಲ್ಲಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿಯಷ್ಟು ಸೇವಾ ಕಡತಗಳು ನಾಶವಾದವು. 1912ರಿಂದ 1960ರ ಒಳಗೆ ಬಿಡುಗಡೆ ಹೊಂದಿದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇಕಡ 80ರಷ್ಟು ಹೋದವು. ಅವುಗಳಿಗೆ ನಕಲು ಪ್ರತಿಗಳಿರಲಿಲ್ಲ. ಎರಡು ಮಹಾಯುದ್ಧಗಳ ಹಾಗೂ ಕೊರಿಯ ಯುದ್ಧದ ಎಷ್ಟೋ ಯೋಧರ ಗಾಯದ ಲಿಖಿತ ಸಾಕ್ಷ್ಯ ಹೀಗೆ ಬೂದಿಯಾಯಿತು. ಆದರೆ ದಾಖಲೆಯನ್ನು ತಿದ್ದುವ ಮಂಡಲಿಯ ಮುಂದೆ ರುಜುವಾತಿನ ಹೊಣೆ ಅರ್ಜಿದಾರನದೇ.

ರೈಲ್ವೆಯ ಸೇವೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಡತಗಳ ನಡುವೆ ಕಳೆದ ನಮಗೆ ಕಡತದ ಬೆಲೆ ಗೊತ್ತು; ಅದರ ಮಿತಿಯೂ ಗೊತ್ತು. ಕಾಣದಿರುವುದರಿಂದ ‘ಇಲ್ಲ’ ಎಂದು ತಿಳಿಯಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಬೇಕೆಂದು ತಾರ್ಕಿಕರು ಹೇಳುತ್ತಾರೆ. ಬೆಳಕಿನಲ್ಲಿ ನೋಡಿ ಕೊಡವಿಲ್ಲವೆನ್ನಬಹುದು. ಕತ್ತಲೆಯಲ್ಲಿ ನೋಡಿ ಹಾಗೆನ್ನಲಾಗದು. ಸುಟ್ಟುಹೋದ ಕಪಾಟಿನಲ್ಲಿ ಕಡತ ಸಿಗದಿದ್ದರೆ ಅದರಿಂದ ಗಾಯದ ಅಭಾವ ಸಿದ್ಧವಾಗದು. ಕಪಾಟು ಕಾಯಬೇಕಾಗಿದ್ದವನು ಯೋಧನಲ್ಲ, ಸರಕಾರ.

ಹಾಗಾದರೆ ಕೇಳಿದವರಿಗೆಲ್ಲ ಕೊಡಬೇಕೆ? ಅದೂ ಸಲ್ಲದು. ಪಡೆಯದ ಪದಕವನ್ನು ಪಡೆದೆನೆಂದು ಹೇಳಿ ಲಾಭ ಗಳಿಸುವವರನ್ನು ಶಿಕ್ಷಿಸಲು 2013ರಲ್ಲಿ ಅಲ್ಲಿ ಕಾನೂನೇ ಆಗಿದೆಯೆಂದ ಮೇಲೆ ಅಂತಹವರೂ ಇದ್ದಾರೆಂದಾಯಿತು. ಸುಳ್ಳುಗಾರನೊಬ್ಬನಿಗೆ ಕೊಟ್ಟ ಪದಕವು ನಿಜವಾಗಿ ರಕ್ತ ಸುರಿಸಿದವನ ಪದಕದ ಬೆಲೆಯನ್ನು ಕಳೆಯುತ್ತದೆ. ಆದರೆ ಪ್ರತ್ಯಕ್ಷಸಾಕ್ಷ್ಯ ಇಲ್ಲವಾದಾಗ ಅನುಮಾನವೂ ಆಪ್ತವಾಕ್ಯವೂ ಇವೆ. ದಳದ ದಿನವಹಿ ವರದಿ, ಆಸ್ಪತ್ರೆಗೆ ಸೇರಿದ ಪಟ್ಟಿ, ವೇತನದ ಲೆಕ್ಕ, ಮನೆಗೆ ಬರೆದ ಪತ್ರ, ದೇಹದಲ್ಲಿ ಉಳಿದ ಕಲೆ, ಬದುಕಿರುವ ಸಂಗಡಿಗರ ಪ್ರಮಾಣಪತ್ರ, ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದರೆ ನಂಬುವುದೇ ನ್ಯಾಯ. ಮತ್ತು ಇವುಗಳನ್ನು ಹುಡುಕುವ ಶ್ರಮದಲ್ಲಿ ಕಚೇರಿಯೂ ಪಾಲುಗೊಳ್ಳಬೇಕು. ತೊಂಬತ್ತು ವರ್ಷದ ವೃದ್ಧನೊಬ್ಬನೇ ಆ ಹೊರೆಯನ್ನು ಹೊರಬೇಕೆನ್ನುವುದು ಧರ್ಮವಲ್ಲ.

ನಮ್ಮ ದೇಶದಲ್ಲಿಯೂ ಶತ್ರುವಿನ ನೇರ ಕೃತ್ಯದಿಂದ ಗಾಯಗೊಂಡ ಯೋಧರಿಗೆ 1973ರಲ್ಲಿ ಸ್ಥಾಪಿತವಾದ ಪದಕವಿದೆ. ಇಂಗ್ಲಿಷಿನಲ್ಲಿ ಅದು ‘ಊಂಡ್ ಮೆಡಲ್’, ಎಂದರೆ ಗಾಯದ ಪದಕ. ನಮ್ಮ ಭಾಷೆಗಳಲ್ಲಿ ‘ಪರಾಕ್ರಮ ಪದಕ’. ಪರಾಕ್ರಮವೆಂದರೆ ಮುಂದಕ್ಕೆ ಹೆಜ್ಜೆಯಿಡುವುದು. ಮುಂದಕ್ಕೆ ಹೆಜ್ಜೆಯಿಟ್ಟವನಿಗೇ ಪೆಟ್ಟು ತಗಲುವ ಸಂಭವ. ಎರಡು ಹೆಸರುಗಳೂ ಒಂದೇ ಸಂಗತಿಯನ್ನು ಎರಡು ಕಡೆಯಿಂದ ಹೇಳುತ್ತವೆ.

ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರಿರುವ ವಾಚಕರು ಅವರ ಗಾಯದ ವೃತ್ತಾಂತವನ್ನು ಕೇಳಿ, ಸ್ಥಳ, ಕಾಲ, ಸಂಗಡಿಗರ ಹೆಸರುಗಳೊಡನೆ ಈಗಲೇ ಬರೆದಿಡುವುದು ಲೇಸು. ಅವರಾಗಿ ಹೇಳಲಿಕ್ಕಿಲ್ಲ; ಕೇಳುವವರು ಕೇಳಬೇಕು. ಪದಕ ಬರುವುದೋ ಬಾರದೋ ಕಚೇರಿಗೆ ಬಿಟ್ಟದ್ದು. ಸಾಕ್ಷಿಯಾಗಿ ನಿಲ್ಲುವುದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.