ಸಿಸ್ಟರ್ ಪಕ್ಕ ನಿಂತ ಹುಡುಗ



ಧಮ್ಮಬಂಧುಗಳೇ, ಕಳೆದ ರವಿವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ತಾಯಿ ಕೇಳಿದರು: "ಸರ್ರ, ಮನಸ್ಸಿನ್ಯಾಗ ಕರುಣಾ ಇದ್ರ ಸಾಕಲ್ರಿ?" ನಾನು ಏನೋ ಒಂದು ಹೇಳಿ ಎದ್ದು ಬಂದೆ. ಸರಿಯಾದ ಉತ್ತರ ಹೊಳೆದದ್ದು ಮರುದಿನ ಬೆಳಿಗ್ಗೆ, ಅವ್ವನ ಇನ್ಸುಲಿನ್ ಶೀಶೆಯನ್ನು ಫ್ರಿಜ್ಜಿನಿಂದ ತೆಗೆಯುವಾಗ. ಅದನ್ನೇ ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಸಾವಕಾಶ ಓದಿರಿ.

ಹೋದ ಮಳೆಗಾಲದಲ್ಲಿ ಅವ್ವನ ಕಾಲಿನ ಗಾಯ ಕೀವು ತುಂಬಿ, ಜ್ವರ ಇಳಿಯದೆ, ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನಮ್ಮ ಬಂಗೂರನಗರದಿಂದ ಸುಮಾರು 75 ಕಿಲೋಮೀಟರ್. ಅವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು. ವಾರ್ಡಿನಲ್ಲಿ ಸುಮಾರು 30 ಹಾಸಿಗೆ, ರಾತ್ರಿ ಪಾಳಿಗೆ ಇಬ್ಬರೇ ಸಿಸ್ಟರ್. ಒಬ್ಬರಿಗೆ ಸಲಾಯಿನ್ ಮುಗಿದಿರುತ್ತದೆ, ಇನ್ನೊಬ್ಬರಿಗೆ ಬಿ.ಪಿ. ನೋಡಬೇಕು, ಮತ್ತೊಬ್ಬರ ಮಗ ಡಾಕ್ಟರ್ ಎಲ್ಲಿ ಅಂತ ಜಗಳಕ್ಕೆ ನಿಂತಿರುತ್ತಾನೆ. ಇದರ ನಡುವೆಯೇ ಪ್ರತಿ ರೋಗಿಯ ಚಾರ್ಟ್ ನೋಡಿ, ಗುಳಿಗೆ ಎಣಿಸಿ, ಇಂಜೆಕ್ಷನ್ ತುಂಬಬೇಕು.

ಆ ವಾರ್ಡಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಟ್ರಾಲಿ ತಳ್ಳಿಕೊಂಡು ಒಬ್ಬ ಹುಡುಗ ಬರುತ್ತಿದ್ದ. ಫಾರ್ಮಸಿ ಸಹಾಯಕ. ನಾವು ಕಂಡ ಬಹಳಷ್ಟು ಆಸ್ಪತ್ರೆಗಳಲ್ಲಿ ಔಷಧದವರು ಕಿಟಕಿಯ ಆಚೆಗೇ ಇರುತ್ತಾರೆ. ಚೀಟಿ ಒಳಗೆ ಹೋಗುತ್ತದೆ, ಪೊಟ್ಟಣ ಹೊರಗೆ ಬರುತ್ತದೆ, ಮುಖ ಕಾಣುವುದಿಲ್ಲ. ಇವನು ಹಾಸಿಗೆಯ ತನಕ ಬರುತ್ತಿದ್ದ. ಚಾರ್ಟಿನಲ್ಲಿ ಬರೆದದ್ದು ಮತ್ತು ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇನಾ ಅಂತ ತಾಳೆ ನೋಡುವುದು, ಡಾಕ್ಟರ್ ನಿಲ್ಲಿಸಿದ ಗುಳಿಗೆಯನ್ನು ತೆಗೆದುಬಿಡುವುದು, ತಾರೀಖು ಮೀರಿದ್ದನ್ನು ಬೇರೆ ಇಡುವುದು, ಖಾಲಿಯಾದದ್ದನ್ನು ತಂದುಕೊಡುವುದು. ಔಷಧ ಕೊಡುವವರು ಸಿಸ್ಟರೇ. ಆದರೆ ಅವರು ಕೈ ಹಾಕಿದಾಗ ಸರಿಯಾದದ್ದೇ ಸಿಗುವಂತೆ ಮಾಡಿಡುವವನು ಇವನು.

ಎರಡನೆಯ ದಿನ ಅವ್ವನ ಹತ್ತಿರ ಕುಂತು ಕೇಳಿದ: "ಅಜ್ಜಿ, ಮನ್ಯಾಗ ಇವು ಬಿಟ್ಟು ಬ್ಯಾರೆ ಏನರ ತಗೋತೀರೇನು?" ಅವ್ವ ನನ್ನ ಮುಖ ನೋಡಿದಳು. "ಇಲ್ಲಪಾ" ಅಂದಳು. ಅವನು ಎದ್ದು ಹೋಗಲಿಲ್ಲ. "ನಮ್ಮಜ್ಜಿನೂ ಹಂಗ ಅಂತಿದ್ಲು, ಆಮ್ಯಾಲೆ ಅಕ್ಕಿ ಡಬ್ಬಿಯೊಳಗ ಪುಡಿ ಸಿಕ್ತು" ಅಂದ. ಅವ್ವನಿಗೆ ನಗು ಬಂತು. ತಲೆದಿಂಬಿನ ಕೆಳಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಕೊಟ್ಟಳು. ಜೋಯಿಡಾ ಕಡೆಯ ಯಾರೋ ಕೊಟ್ಟ ಸಕ್ಕರೆ ಕಾಯಿಲೆಯ ನಾಟಿ ಪುಡಿ. ಇನ್ಸುಲಿನ್ ಜೊತೆಗೆ ಅದನ್ನೂ ನುಂಗುತ್ತಿದ್ದಳು! ಒಂದೇ ಮನೆಯಲ್ಲಿರುವ ಮಗನಾದ ನನಗೆ ಗೊತ್ತಿರಲಿಲ್ಲ. ಅವನು ಬೈಯಲಿಲ್ಲ. ಸಿಸ್ಟರ್‌ಗೆ ತೋರಿಸಿದ, ಅವರು ಡಾಕ್ಟರ್‌ಗೆ ಹೇಳಿದರು.

ನಾಲ್ಕನೆಯ ದಿನ ಡಾಕ್ಟರ್ ಇನ್ಸುಲಿನ್ ಬದಲಿಸಿ, ದಿನಕ್ಕೊಮ್ಮೆ ಕೊಡುವ ಬೇರೊಂದನ್ನು ಬರೆದರು. ಶೀಶೆಯನ್ನು ನಾನೇ ಹೊರಗಿನಿಂದ ತಂದೆ. ಸಿರಿಂಜ್ ಬೇಕಾ ಅಂತ ಅಂಗಡಿಯವನು ಕೇಳಿದಾಗ, ಮನೆಯಿಂದ ತಂದವು ಚೀಲದಲ್ಲಿವೆ ಅಂತ ಬೇಡ ಅಂದೆ. ನಾಲ್ಕು ರೂಪಾಯಿ ಉಳಿಸಿದೆ. ಸಂಜೆ ಸಿಸ್ಟರ್ ನಾನು ಕೊಟ್ಟ ಸಿರಿಂಜಿನಲ್ಲಿ 20ರ ಗೆರೆಯ ತನಕ ಔಷಧ ಎಳೆದಿದ್ದರು. ಪಕ್ಕದ ಹಾಸಿಗೆಯ ಹತ್ತಿರ ಗುಳಿಗೆ ತಾಳೆ ನೋಡುತ್ತಿದ್ದ ಹುಡುಗ ಮೇಜಿನ ಮೇಲಿನ ಕೆಂಪು ಟೊಪ್ಪಿಗೆ ನೋಡಿದ. ಶೀಶೆ ನೋಡಿದ. "ಸಿಸ್ಟರ್, ಒಂದ್ ನಿಮಿಷ."

ಇದನ್ನು ಎಲ್ಲರೂ ತಿಳಿಯಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಶೀಶೆಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಟೊಪ್ಪಿಗೆಯ ಸಿರಿಂಜ್. ಕೆಲವು ಶೀಶೆಗಳಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆಯದು. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಅಂದರೆ ಅರ್ಧ ಎಂ.ಎಲ್. ನಾನು ತಂದದ್ದು 100ರ ಶೀಶೆ. ಅವ್ವನ ಮೈಗೆ ಹೋಗುತ್ತಿದ್ದದ್ದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು. ಸಕ್ಕರೆ ಪಾತಾಳಕ್ಕೆ ಇಳಿದು, ನಿದ್ದೆ ಅಂತ ನಾವು ತಿಳಿದದ್ದು ನಿದ್ದೆಯಾಗಿರುತ್ತಿರಲಿಲ್ಲ.

ಸಿಸ್ಟರ್ ಸಿರಿಂಜನ್ನು ಕೆಳಗಿಟ್ಟು ಎರಡು ಕ್ಷಣ ಸುಮ್ಮನೆ ನಿಂತರು. "ಭಾಳ ಉಪಕಾರ ಆತಪಾ ತಮ್ಮಾ" ಅಂದರು. ಹೀಗೆ ಒಪ್ಪಿಕೊಳ್ಳುವುದೂ ದೊಡ್ಡದೇ. ಹುಡುಗ ಹೊಸ ಸಿರಿಂಜ್ ತಂದುಕೊಟ್ಟು, ಶೀಶೆಯ ಡಬ್ಬಿಯ ಮೇಲೆ ಪೆನ್ನಿನಿಂದ ದಪ್ಪಗೆ "100 – ಕಿತ್ತಳೆ ಟೊಪ್ಪಿಗಿ" ಅಂತ ಬರೆದು ಮುಂದಿನ ಹಾಸಿಗೆಗೆ ಹೋದ.

ನಾನು ಆ ನಾಲ್ಕು ದಿನ ಏನು ಮಾಡುತ್ತಿದ್ದೆ ಗೊತ್ತೇ? ಅವ್ವನ ಹಾಸಿಗೆಯ ಪಕ್ಕ ಕಣ್ಣುಮುಚ್ಚಿ ಮೈತ್ರಿ ಭಾವನೆ ಮಾಡುತ್ತಿದ್ದೆ. ಅವ್ವ ಸುಖವಾಗಿರಲಿ, ನೋವಿಲ್ಲದಿರಲಿ ಅಂತ. ನನ್ನ ಮೈತ್ರಿಯಲ್ಲಿ ಸುಳ್ಳಿರಲಿಲ್ಲ. ತಪ್ಪು ಸಿರಿಂಜ್ ಮಾತ್ರ ಅದೇ ಹಾಸಿಗೆಯ ಕೆಳಗೆ, ನನ್ನದೇ ಚೀಲದಲ್ಲಿತ್ತು.

ಈಗ ವಿನಯದ ಮಾತಿಗೆ ಬರೋಣ. ಆಮಶಂಕೆಯಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವಿನ ಕಥೆ ನಿಮಗೆ ಗೊತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅದನ್ನು ಸೇರಿಸಿದ್ದಾರೆ. ಭಗವಾನರು ನೀರು ಹಾಕಿದರು, ಆನಂದರು ತೊಳೆದರು, ಇಬ್ಬರೂ ತಲೆ ಕಾಲು ಹಿಡಿದು ಎತ್ತಿ ಹಾಸಿಗೆಯಲ್ಲಿ ಮಲಗಿಸಿದರು. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಅಂತ ಕೇಳಿದಾಗ ಆ ಭಿಕ್ಷು ಕೊಟ್ಟ ಉತ್ತರ ನನ್ನನ್ನು ಪ್ರತಿ ಸಲ ಚುಚ್ಚುತ್ತದೆ: ತಾನು ಬೇರೆ ಭಿಕ್ಷುಗಳಿಗೆ ಯಾವ ಉಪಯೋಗಕ್ಕೂ ಬಂದವನಲ್ಲ, ಅದಕ್ಕೇ ಅವರು ನೋಡುವುದಿಲ್ಲ ಅಂದ. ಊರಾಚೆ ಬದುಕಿದ ನಮ್ಮ ಹಿರಿಯರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆದರೆ ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಕಣ್ಣೀರು ಒರೆಸಿಕೊಳ್ಳುತ್ತೇವೆ. ಮಹಾವಗ್ಗದಲ್ಲಿ ಅದು ಮುಂದುವರಿಯುತ್ತದೆ. ರೋಗಿಯನ್ನು ನೋಡಿಕೊಳ್ಳಲು ತಕ್ಕವನಿಗೆ ಐದು ಗುಣ ಹೇಳಿದ್ದಾರೆ. ಮೈತ್ರಿ ಚಿತ್ತ ಇದೆ, ಲಾಭದಾಸೆ ಇಲ್ಲದಿರುವುದು ಇದೆ, ಅದು ಮೂರನೆಯದು. ಹೇಸಿಗೆಪಡದಿರುವುದು ನಾಲ್ಕನೆಯದು. ಧಮ್ಮದ ಮಾತಿನಿಂದ ಧೈರ್ಯ ತುಂಬುವುದು ಕೊನೆಯದು, ನನ್ನಂಥ ಮಾತುಗಾರರು ಗಮನಿಸಬೇಕು. ಮೊದಲನೆಯದು, ಔಷಧವನ್ನು ಸರಿಯಾಗಿ ಸಿದ್ಧಪಡಿಸಬಲ್ಲವನಾಗಿರುವುದು. ಎರಡನೆಯದು, ಯಾವುದು ಹಿತ ಯಾವುದು ಅಹಿತ ಅಂತ ತಿಳಿದು, ಅಹಿತವಾದದ್ದನ್ನು ತೆಗೆದು ಹಿತವಾದದ್ದನ್ನು ತಂದಿಡುವುದು. ಟ್ರಾಲಿ ಹುಡುಗನ ಕೆಲಸವೇ ಅಲ್ಲವೇ ಇದು? ರೋಗಿಗೂ ಅಲ್ಲಿ ಪಾಠವಿದೆ. ಔಷಧ ತಗೊಳ್ಳದವನು, ಇದ್ದದ್ದನ್ನು ಇದ್ದ ಹಾಗೆ ಹೇಳದವನು ಆರೈಕೆಗೆ ಕಷ್ಟದವನು ಅಂತ. ಅವ್ವನಿಗೆ ಓದಿ ಹೇಳಿದೆ. "ಯಾವ ಸೊಸಿ ಹೇಳಿಕೊಟ್ಲು ಭಗವಾನಗ?" ಅಂದಳು.

ಇನ್ನೊಂದು. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದು ಔಷಧಗಳನ್ನು ಭಿಕ್ಷುಗಳು ಇಟ್ಟುಕೊಳ್ಳಬಹುದು, ಆದರೆ 7 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಕೂಡಿಟ್ಟ ಔಷಧ ಸೋರಿ, ವಿಹಾರದ ತುಂಬ ಇಲಿ ಆದ ಮೇಲೆ ಬಂದ ನಿಯಮ ಅದು. ನಿಮ್ಮ ಮನೆಯ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಿರಿ.

ಬಾಬಾಸಾಹೇಬರೂ ಸಕ್ಕರೆ ಕಾಯಿಲೆಯವರೇ. 1948ರ ಏಪ್ರಿಲ್ 15ರಂದು ಅವರ ಕೈಹಿಡಿದ ಮಾಯಿಸಾಹೇಬ ಸವಿತಾ ಅವರು ಡಾಕ್ಟರ್. ಇನ್ಸುಲಿನ್, ಪಥ್ಯ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಆರುತ್ತಿದ್ದ ತಮ್ಮ ಜೀವದ ದೀಪ ಮತ್ತೆ ಹೊತ್ತಿಕೊಂಡದ್ದು ಹೆಂಡತಿಯಿಂದ ಮತ್ತು ಡಾ. ಮಾಳವಣಕರ್ ಅವರಿಂದ ಅಂತ ಬಾಬಾಸಾಹೇಬರೇ 1956ರಲ್ಲಿ ಆ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ಹೇಳಿದ್ದಾರೆ. 1957ರ ಮೊದಲ ಮುದ್ರಣದಲ್ಲಿ ಆ ಮುನ್ನುಡಿ ಅಚ್ಚಾಗಲಿಲ್ಲ. ದೀಕ್ಷೆಯ ದಿನ ನಾಗಪುರದಲ್ಲಿ ಅವರು ನಿಂತಿದ್ದರ ಹಿಂದೆ ಎಷ್ಟು ಸೂಜಿ, ಎಷ್ಟು ಅಳತೆ ಇತ್ತೋ, ನಾವು ಆ ಕಡೆ ನೋಡುವುದು ಕಡಿಮೆ.

ಎದುರು ಹಾಸಿಗೆಯ ಒಬ್ಬ ಹೆಣ್ಣುಮಗಳು ಆ ಹುಡುಗನನ್ನು ಕೇಳಿದ್ದರು: "ನೀವು ಯಾವ ಪೈಕಿ ಆದ್ರೆಪಾ?" ಗುಳಿಗೆ ಅವನ ಕೈಯಲ್ಲಿತ್ತು. "ಔಷಧದ ಪೈಕಿ ರೀ ಅಕ್ಕಾರ" ಅಂದ. ವಾರ್ಡೆಲ್ಲ ನಕ್ಕಿತು, ಅವರೂ ನಕ್ಕರು. ನಾನು ಮಾತ್ರ ಅವನ ಕಣ್ಣು ನೋಡಿದೆ. ಈ ಪ್ರಶ್ನೆ ಅವನಿಗೆ ಹೊಸದಾಗಿರಲಿಲ್ಲ.

ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ ಔಷಧ ತಜ್ಞರು ಡಾಕ್ಟರರ ಜೊತೆ ವಾರ್ಡ್ ಸುತ್ತುವುದು ಎಷ್ಟೋ ವರ್ಷಗಳಿಂದ ಇದೆ. ಇಂಗ್ಲೆಂಡಿನಲ್ಲಿ ಸಿಸ್ಟರ್ ಜೊತೆ ಫಾರ್ಮಸಿ ಸಹಾಯಕರನ್ನೇ ವಾರ್ಡಿಗೆ ನೇಮಿಸುವುದುಂಟು. ಔಷಧದ ತಪ್ಪಿನಿಂದ ಆಗುವ ಹಾನಿ ತಡೆಯಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರತ್ಯೇಕ ಅಭಿಯಾನವನ್ನೇ ಶುರುಮಾಡಿತು. ಪಿಯುಸಿ ವಿಜ್ಞಾನ ಮುಗಿಸಿ ಮುಂದೇನು ಅಂತ ಕೇಳುವ ನಮ್ಮ ಓಣಿಯ ಮಕ್ಕಳಿಗೆ ನಾನು ಈಗ ಡಿ.ಫಾರ್ಮಾದ ಹೆಸರನ್ನೂ ಹೇಳುತ್ತೇನೆ. 2 ವರ್ಷದ ಓದು, ಮೇಲೆ 500 ಗಂಟೆಯ ತರಬೇತಿ.

ಆ ತಾಯಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ: ಸಾಲದು ರೀ. ನನಗೆ ಸಾಲಲಿಲ್ಲ.

ಬರುವ ರವಿವಾರ ವಂದನೆಗೆ ಬರುವಾಗ ಮನೆಯ ಹಿರಿಯರ ಎಲ್ಲ ಗುಳಿಗೆ ಹಾಳೆ, ಇನ್ಸುಲಿನ್ ಡಬ್ಬಿ, ಸಿರಿಂಜ್, ದಿಂಬಿನ ಕೆಳಗಿನ ಪುಡಿ ಸಹಿತ ಒಂದು ಚೀಲದಲ್ಲಿ ತನ್ನಿರಿ. ಇನ್ಸುಲಿನ್ ಶೀಶೆ ಮಾತ್ರ ಫ್ರಿಜ್ಜಿನಲ್ಲೇ ಇರಲಿ, ಅದರ ಫೋಟೋ ಸಾಕು. ನಮ್ಮ ಬಳಗದಲ್ಲೇ ಡಿ.ಫಾರ್ಮಾ ಮುಗಿಸಿದ ತಂಗಿ ಒಬ್ಬಳಿದ್ದಾಳೆ, ಒಂದು ತಾಸು ಕುಂತು ನೋಡುತ್ತೇನೆ ಅಂದಿದ್ದಾಳೆ. ಬೆಳಿಗ್ಗೆ 10ಕ್ಕೆ.

ಜೈಭೀಮ್.