ಅಳೆಯದ ಮಣ್ಣು ನಿರ್ದೋಷವೇ?

ಚಿಮ್ಮನಚೋಡದಲ್ಲಿ ನನ್ನ ಅಂಗಡಿಯ ಹಿಂದಿರುವ ನಿವೇಶನವನ್ನು ಮಕ್ಕಳ ಪಾಠಶಾಲೆಗಾಗಿ ಬಸದಿಯ ಟ್ರಸ್ಟಿಗೆ ದಾನವಾಗಿ ಕೊಡಬೇಕೆಂದು ಸಂಕಲ್ಪಿಸಿದ್ದೆ. ಅಲ್ಲಿ ಹಿಂದೆ ಹಲವು ವರ್ಷ ಬಾಡಿಗೆದಾರರೊಬ್ಬರು ಟ್ರ್ಯಾಕ್ಟರ್ ಬ್ಯಾಟರಿಗಳನ್ನು ಬಿಚ್ಚಿ ಸೀಸ ಕರಗಿಸುತ್ತಿದ್ದರು. ಬಾಡಿಗೆಯನ್ನು ನಾನು ತಪ್ಪದೆ ಎಣಿಸಿಕೊಂಡಿದ್ದೇನೆ. ದಾನಕ್ಕೆ ಮುನ್ನ ಮಣ್ಣನ್ನು ಪರೀಕ್ಷಿಸೋಣವೆಂದಾಗ ಹಿತೈಷಿಯೊಬ್ಬರು, “ಸಾಹುಕಾರರೆ, ಅಳೆಸಿದರೆ ತಾನೆ ಅಂಕಿ ಹುಟ್ಟುವುದು? ಅರಿಯದೆ ಕೊಟ್ಟರೆ ದೋಷವೆಲ್ಲಿ?” ಎಂದರು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಉದ್ದೇಶವಿಲ್ಲದ ಕ್ರಿಯೆಗೂ ಉದ್ದೇಶಪೂರ್ವಕ ಕ್ರಿಯೆಗೂ ನಮ್ಮ ಆಚಾರ್ಯರು ಭೇದವನ್ನು ಹೇಳಿದ್ದಾರೆ. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣದೊಳಗೇ ಪ್ರಮಾದವನ್ನು ಸೇರಿಸಿದ್ದಾರೆಂಬುದನ್ನು ಮರೆಯಬಾರದು. ಅರಿಯಲಾರದವನ ಅಜ್ಞಾನ ಬೇರೆ, ಅರಿಯಲೊಲ್ಲದವನ ಅಜ್ಞಾನ ಬೇರೆ. ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗಿಡುವ ಮಗುವಿನ ಮಿದುಳಿಗೆ ಸೀಸವು ಹಾನಿ ಮಾಡುತ್ತದೆಂದು ಓದಿ ಬಲ್ಲ ನಾನು ಎರಡನೆಯ ವರ್ಗದವನಾಗುತ್ತಿದ್ದೆ.

ಕೊನೆಗೆ ತಂತ್ರಜ್ಞರೊಬ್ಬರು ಪಿಸ್ತೂಲಿನಾಕಾರದ ಯಂತ್ರವನ್ನು ತಂದರು. ಅದು ಮಣ್ಣಿಗೆ ಕ್ಷ-ಕಿರಣವನ್ನು ಹಾಯಿಸುತ್ತದೆ. ಪ್ರತಿಯೊಂದು ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಮರಳಿಸುತ್ತದೆ. ಅದನ್ನೆಣಿಸಿ, ಕಿಲೋ ಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಯಂತ್ರವು ನಿಂತಲ್ಲೇ ತೋರಿಸುತ್ತದೆ. ಅಗೆಯುವ ಆರಂಭಹಿಂಸೆಯೂ ತಪ್ಪಿತೆಂದು ನಾನು ಹಿಗ್ಗಿದೆ. ಅಂಕಿ 400ಕ್ಕಿಂತ ಕಡಿಮೆ ಬಂತು. ಎಲ್ಲರೂ ಸಮಾಧಾನಪಟ್ಟರು.

ತಂತ್ರಜ್ಞರು ಮಾತ್ರ ಒಪ್ಪಲಿಲ್ಲ. ಮಳೆಗಾಲವಾಗಿತ್ತು, ನಮ್ಮ ಎರೆಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ತೇವವು ಶೇಕಡಾ 20 ಮೀರಿದರೆ ಅಂಕಿಯನ್ನು ನಂಬಲಾಗದೆಂದರು. ಈ ಮಾತು ನನ್ನನ್ನು ಚುಚ್ಚಿತು. ನೀರು ಚಿಮುಕಿಸಿದ ತೊಗರಿ ಹೆಚ್ಚು ತೂಗುವುದನ್ನು ನಮ್ಮ ವ್ಯಾಪಾರದಲ್ಲಿ ಬಲ್ಲದವರಾರು! ಅಲ್ಲಿ ನೀರು ಮಾರುವವನಿಗೆ ಲಾಭ, ಇಲ್ಲಿ ದಾನಿಗೆ. ಹೀನಾಧಿಕ ಮಾನವು ಅಚೌರ್ಯವ್ರತದ ಅತಿಚಾರವೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಹಸಿಮಣ್ಣಿನ ಅಂಕಿಯನ್ನು ದಾನಪತ್ರಕ್ಕೆ ಲಗತ್ತಿಸುವುದು ಅದಕ್ಕಿಂತ ಬೇರೆಯೆ?

ಒಣಗಿಸಿ, ಜರಡಿ ಹಿಡಿದು ನೋಡಿದಾಗ ಅಂಕಿ 400ನ್ನು ದಾಟಿತು. ಆ 400 ಕೂಡ ಶಾಶ್ವತ ಸತ್ಯವಲ್ಲ. ವಸತಿಯ ಮಣ್ಣಿಗೆ ತಾನಿಟ್ಟಿದ್ದ ಆ ಮಿತಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು. ಯಂತ್ರವು ಆರ್ಸೆನಿಕನ್ನೂ ತೋರಿಸಿತ್ತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರು ಆರ್ಸೆನಿಕ್‌ನಿಂದ ಪಟ್ಟ ಪಾಡನ್ನು ಓದಿದ್ದ ನಾನು ಬೆದರಿದೆ. ಆದರೆ ಸೀಸ ಹೆಚ್ಚಿರುವಲ್ಲಿ ಎರಡರ ಕಿರಣಗಳೂ ಬಹುತೇಕ ಒಂದೇ ಶಕ್ತಿಯಲ್ಲಿ ಕೂಡಿಬಿಡುತ್ತವಂತೆ. ಸೀಸವೇ ಆರ್ಸೆನಿಕಿನ ವೇಷದಲ್ಲಿ ಕಾಣಬಹುದು. ಯಂತ್ರದ ನುಡಿಗೂ “ಸ್ಯಾತ್” ಸೇರಿಸಬೇಕು. 20 ಮಾದರಿಗೆ ಒಂದನ್ನಾದರೂ ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿ ಇರುವುದು ಇದಕ್ಕಾಗಿಯೇ. ನಾವೂ ಕಳುಹಿಸಿದೆವು, ಸೀಸ ಖಚಿತವಾಯಿತು, ಆರ್ಸೆನಿಕ್ ನಗಣ್ಯ.

ಟ್ರಸ್ಟಿನವರಿಗೆ ಎಲ್ಲವನ್ನೂ ತಿಳಿಸಿ ಬೇರೆ ಜಾಗ ಕೊಟ್ಟೆ. ಅದು ಸುಲಭದ ಭಾಗ. ನನ್ನ ನಿವೇಶನದ ಮಳೆನೀರು ಹರಿಯುವುದು ನೆರೆಯವರ ಹಿತ್ತಲಿಗೆ. ಅವರಿಗೆ ಹೇಳಿದಾಗ, “ನಿಮ್ಮ ಧರ್ಮಕ್ಕೆ ನಮ್ಮ ಜಾಗದ ಬೆಲೆ ಇಳಿಯಬೇಕೇ?” ಎಂದು ಕೇಳಿದರು. ಅವರ ಕೋಪ ಅನ್ಯಾಯದ್ದೆಂದು ಹೇಳಲಾರೆ. ಬಾಡಿಗೆ ಪಡೆದವನು ನಾನು. ಮಣ್ಣು ತೆಗೆಸುವ ಖರ್ಚು ನನ್ನದೆಂದು ಬರೆದುಕೊಟ್ಟಿದ್ದೇನೆ. ಹಿತ್ತಲನ್ನು ಅಳೆಯಲು ಅವರಿನ್ನೂ ಒಪ್ಪಿಲ್ಲ. ಅವರ ಮೊಮ್ಮಗಳು ಅಲ್ಲೇ ಆಡುತ್ತಾಳೆ.